ಸನ್‌ರೂಫ್ ಶೇಡ್ ಎಳೆಯಲು ಕೈ ಎಟುಕುತ್ತಿಲ್ಲ, ನೀವೆಲ್ಲ ಏನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ಹೊಸ ಕಾರು ತಗೊಂಡು ಎರಡು ತಿಂಗಳಾಯಿತು. ಮಕ್ಕಳ ಹಟಕ್ಕೆ ಸನ್‌ರೂಫ್, ಅಂದರೆ ಮೇಲ್ಛಾವಣಿಯಲ್ಲಿ ತೆರೆಯುವ ಗಾಜು, ಇರುವುದನ್ನೇ ತಗೊಂಡೆವು. ಮನೆ ದಾವಣಗೆರೆ, ಕೆಲಸ ಚಿತ್ರದುರ್ಗ, ದಿನಾ ನಾನೇ ಓಡಿಸುತ್ತೇನೆ. ಬೆಳಿಗ್ಗೆ ಆ ಗಾಜಿನ ಕೆಳಗೆ ಬಿಸಿಲು ತಡೆಯಲು ಇರುವ ಶೇಡ್ ತೆರೆದುಕೊಂಡು ಹೋದರೆ ಚೆನ್ನಾಗಿರುತ್ತೆ. ಆದರೆ ಶನಿವಾರ ಮಧ್ಯಾಹ್ನ ವಾಪಸ್ ಬರುವಾಗ ಮುಚ್ಚೋಣ ಅಂದರೆ ಅದರ ಹಿಡಿ ನನ್ನ ತಲೆಯ ಹಿಂದೆಲ್ಲೋ ಹೋಗಿ ಕೂತಿರುತ್ತೆ. ನನ್ನ ಎತ್ತರ ಐದು ಅಡಿ ಒಂದು ಇಂಚು, ಸೀಟು ಮುಂದಕ್ಕೆ ಹಾಕಿಕೊಂಡೇ ಓಡಿಸಬೇಕು. ಶೇಡ್ ಕೈಯಿಂದ ಎಳೆಯುವಂಥದ್ದು, ಬಟನ್ ಇಲ್ಲ. ಅಂಗಡಿಯಲ್ಲಿ ಜಾಲರಿ ಪರದೆ ಸಿಗುತ್ತೆ ಅಂತಾರೆ, ಅದು ಹಾಕಿಸಬಹುದಾ? ಅನುಭವ ಇದ್ದವರು ಹೇಳಿ.

—

ಅಕ್ಕಾ, ಇದೇ ಕಷ್ಟ ನಮ್ಮ ಮನೆಯಲ್ಲೂ ಇತ್ತು. ನಾನು ಐದು ಒಂಬತ್ತು, ನನಗೆ ಒಂದು ದಿನವೂ ತೊಂದರೆ ಅನಿಸಿರಲಿಲ್ಲ. ಹೆಂಡತಿ ಓಡಿಸಲು ಶುರು ಮಾಡಿದ ಮೇಲೇ ಗೊತ್ತಾಗಿದ್ದು. ಅವಳ ಸೀಟು ನನ್ನದಕ್ಕಿಂತ ನಾಲ್ಕು ಇಂಚು ಮುಂದೆ. ಶೇಡಿನ ಹಿಡಿ ಇರುವುದು ಅದರ ಮುಂದಿನ ಅಂಚಿನಲ್ಲಿ, ಪೂರ್ತಿ ತೆರೆದರೆ ಆ ಅಂಚೂ ಹಿಂದಕ್ಕೆ ಹೋಗಿಬಿಡುತ್ತೆ. ನನಗೆ ಕಿವಿಯ ಮೇಲೆ ಸಿಗುವುದು ಅವಳಿಗೆ ಬೆನ್ನ ಹಿಂದೆ. ಎಡಗೈ ಎತ್ತಿ, ಮೊಣಕೈ ಮಡಚಿ, ಮೂರು ಬೆರಳಿನ ತುದಿಯಲ್ಲಿ ಹಿಡಿಯ ಆ ತಗ್ಗು ಹುಡುಕಬೇಕು, ಸಿಕ್ಕರೂ ಆ ಭಂಗಿಯಲ್ಲಿ ಎಳೆಯಲು ಭುಜಕ್ಕೆ ಬಲವೇ ಇರಲ್ಲ, ಜೋರಾಗಿ ವಾಲಿದರೆ ಸೀಟ್ ಬೆಲ್ಟ್ ಟಕ್ ಅಂತ ಹಿಡಿದುಕೊಳ್ಳುತ್ತೆ. ಭರಮಸಾಗರದ ಹತ್ತಿರ ಒಮ್ಮೆ ಹೀಗೆ ತಡಕಾಡುವಾಗ ಕಾರು ಪಕ್ಕದ ಲೇನಿಗೆ ಸರಿಯಿತು. ಹಿಂದಿದ್ದ ಲಾರಿಯವನು ಉದ್ದಕ್ಕೆ ಹಾರ್ನ್ ಹೊಡೆದ. ಅವತ್ತಿನಿಂದ ಚಕ್ರ ಉರುಳುವಾಗ ಶೇಡ್ ಮುಟ್ಟಬಾರದು ಅಂತ ಮನೆಯಲ್ಲಿ ಕಾನೂನಾಗಿದೆ.

ನಾವು ಮಾಡಿದ್ದು ಇಷ್ಟೇ. ಪೂರ್ತಿ ತೆರೆಯುವುದನ್ನೇ ಬಿಟ್ಟೆವು. ಕಾರು ನಿಲ್ಲಿಸಿ, ಬೆಲ್ಟ್ ಹಾಕಿ, ನೀವು ದಿನಾ ಓಡಿಸುವ ಹಾಗೇ ಕೂತುಕೊಳ್ಳಿ. ಬೆನ್ನು ಸೀಟಿನಿಂದ ಏಳಬಾರದು, ಕಣ್ಣು ರಸ್ತೆ ಬಿಟ್ಟು ಮೇಲೆ ಹೋಗಬಾರದು. ಹಾಗಿದ್ದು ಎಡಗೈ ಎಲ್ಲಿವರೆಗೆ ಎಟುಕುತ್ತೋ ಅಷ್ಟೇ ನಿಮ್ಮ ಶೇಡಿನ ಗಡಿ. ನನ್ನ ಹೆಂಡತಿಗೆ ಅದು ಮೂರನೇ ಒಂದು ಭಾಗಕ್ಕೇ ಮುಗಿಯಿತು. ಅಲ್ಲಿ ಪಕ್ಕದ ಅಂಚಿಗೆ ಹಣೆಗಿಡುವ ಕೆಂಪು ಸ್ಟಿಕ್ಕರ್ ಒಂದನ್ನು ಅಂಟಿಸಿದ್ದಾಳೆ. ತೆರೆಯುವಾಗ ಅದರ ಹತ್ತಿರ ಬಂದರೆ ನಿಲ್ಲಿಸುತ್ತಾಳೆ. ಬೆಳಕು ಸಾಕಷ್ಟು ಬರುತ್ತೆ, ಸುಮ್ನೆ ಪೂರ್ತಿ ಯಾಕೆ ಬೇಕು ಹೇಳಿ.

ಹಾಗಂತ ಕೈ ಎಟುಕಲಿ ಅಂತ ಸೀಟು ಹಿಂದೆ ಮುಂದೆ ಮಾಡಲು ಹೋಗಬೇಡಿ. ಸೀಟು ಕಾಲಿಗೆ, ಸ್ಟೀರಿಂಗಿಗೆ ಸರಿ ಇರಬೇಕು, ಎದೆಗೂ ಸ್ಟೀರಿಂಗ್ ಮಧ್ಯಕ್ಕೂ 25 ಸೆಂಟಿಮೀಟರ್ ಆದರೂ ಜಾಗ ಬೇಕು, ಏರ್‌ಬ್ಯಾಗ್ ಇರುವುದು ಅಲ್ಲೇ. ಸೀಟು ಎತ್ತರಿಸುವ ಲಿವರ್ ಇದ್ದರೆ ಎರಡು ಸಲ ಮೇಲೆತ್ತಿ ನೋಡಿ, ಸ್ವಲ್ಪ ಅನುಕೂಲ ಆಗಬಹುದು, ಆದರೆ ಸನ್‌ರೂಫ್ ಕಾರಿನಲ್ಲಿ ತಲೆಯ ಮೇಲೆ ಜಾಗ ಮೊದಲೇ ಕಡಿಮೆ ಅಲ್ವಾ.

ಇನ್ನು ಬಿಸಿಲು. ಬೆಳಿಗ್ಗೆ ದುರ್ಗದ ಕಡೆ ಹೋಗುವಾಗ ಎಳೆಬಿಸಿಲು ಮುಂದಿನ ಗಾಜಿನಿಂದ ಬರುತ್ತೆ, ಮೇಲಿನಿಂದ ಜಾಸ್ತಿ ಏನಿಲ್ಲ. ಮಧ್ಯಾಹ್ನ ಎರಡು ಗಂಟೆ ಮೇಲೆ ವಾಪಸ್ ಬರುವಾಗ ಸೂರ್ಯ ನಿಮ್ಮ ಎಡಗಡೆ ಮುಂದೆ ಇರುತ್ತಾನೆ, ಮೇಲಿನ ಗಾಜಿನಿಂದ ಓರೆಯಾಗಿ ಇಳಿದು ನೇರ ಡ್ರೈವರ್ ಮೇಲೇ ಬೀಳುತ್ತೆ, ಎಡಕಿವಿ ಸುಡುತ್ತೆ. ನಮ್ಮ ಕಡೆ ಏಪ್ರಿಲ್ ಕೊನೆಯ ವಾರ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಅದೂ 12ಕ್ಕಲ್ಲ, 12.25ರ ಆಸುಪಾಸು. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ, ಆಗ ಮೋಡ ಇರುತ್ತೆ ಅನ್ನೋದೇ ಪುಣ್ಯ. ಅದಕ್ಕೇ ಶನಿವಾರ ಆಫೀಸಿನಿಂದ ಹೊರಡುವ ಮೊದಲೇ, ಪಾರ್ಕಿಂಗಿನಲ್ಲೇ ಮುಚ್ಚಿಬಿಡಿ. ಮರೆತರೆ ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸಿ ಮುಚ್ಚಿ, ಒಂದು ಟೀ ಕುಡಿದ ಹಾಗೂ ಆಯಿತು.

ಜಾಲರಿ ಪರದೆ ಎರಡು ಥರ ತಂದು ನೋಡಿದ್ದೇನೆ. ರಬ್ಬರ್ ಬಟ್ಟಲು ಅಂಟಿಸುವಂಥದ್ದು ಬೇಡವೇ ಬೇಡ. ಬಿಸಿಲಿಗೆ ರಬ್ಬರ್ ಮೆತ್ತಗಾಗಿ ಬಿಟ್ಟುಕೊಳ್ಳುತ್ತೆ. ಆನಗೋಡು ದಾಟುವಾಗ ಅಪ್ಪನ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣದ ಮೇಲೆ ದೊಪ್ಪನೆ ಬಿತ್ತು, ಕಾರಿನ ತುಂಬ ಮಂಡಕ್ಕಿ. ನನ್ನ ಮಡಿಲಿಗೆ ಬಿದ್ದಿದ್ದರೆ ಏನು ಗತಿ. ಇನ್ನೊಂದು ಸುತ್ತ ಸ್ಪ್ರಿಂಗ್ ತಂತಿ ಇರುವಂಥದ್ದು, ಚೌಕಟ್ಟಿನೊಳಗೆ ಒತ್ತಿ ಕೂರಿಸುವುದು. ಅದು ನಿಲ್ಲುತ್ತೆ. ಕಣ್ಣಿಗೆ ಹಿತ, ಆದರೆ ಕಾವು ಅಷ್ಟೇನೂ ಕಡಿಮೆ ಆಗಲ್ಲ, ಕಪ್ಪು ಬಟ್ಟೆ ತಾನೇ ಕಾಯುತ್ತೆ. ಅದು ಇದ್ದಾಗ ಗಾಜು ತೆರೆಯಬಾರದು, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತೆ. ನನ್ನ ಮಾತು ಕೇಳಿದರೆ ಆ ದುಡ್ಡಿಗೆ ಮನೆಮಂದಿಗೆಲ್ಲ ಬೆಣ್ಣೆ ದೋಸೆ ಕೊಡಿಸಿ.

—

ಮೇಡಂ, ನಮ್ಮ ತಂಗಿ ಟೈಲರ್ ಹತ್ತಿರ ಒಂದು ಪಟ್ಟಿ ಹೊಲಿಸಿಕೊಂಡು ಆ ಹಿಡಿಗೆ ಅಂಟಿಸಿದ್ದಳು, ಎಳೆದರೆ ಬರಲಿ ಅಂತ. ಉಪಾಯ ಒಳ್ಳೇದೇ. ಮೊದಲು ಒಂದು ಗೇಣು ಉದ್ದ ಬಿಟ್ಟಿದ್ದಳು, ಅದು ಕನ್ನಡಿ ನೋಡುವಾಗೆಲ್ಲ ಕಣ್ಣಿಗೆ ಅಡ್ಡ ಬರುತ್ತಿತ್ತು. ಈಗ ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿದ್ದಾಳೆ. ಒಂದು ಮಾತು, ನೇರ ಮುಂದಕ್ಕೆ ಎಳೆಯಬೇಕು. ಕೆಳಗೆ ಜಗ್ಗಿದರೆ ಶೇಡ್ ಓರೆಯಾಗಿ ಹಳಿಯಲ್ಲಿ ಸಿಕ್ಕಿಕೊಳ್ಳುತ್ತೆ. ಅವಳದು ಒಮ್ಮೆ ಸಿಕ್ಕಿಕೊಂಡು ಬಿಡಿಸಲು ಅರ್ಧ ದಿನ ಹೋಯಿತು.

—

ನಮ್ಮದು ಹಿಂದಿನ ಸೀಟಿನವರೆಗೂ ಗಾಜು ಇರುವ ಕಾರು, ಪರದೆಗೆ ಮೋಟರ್. ಸ್ವಿಚ್ ಕನ್ನಡಿಯ ಮೇಲೆ ಇದೆ, ಗಿಡ್ಡ ಇರಲಿ ಉದ್ದ ಇರಲಿ ಎಲ್ಲರಿಗೂ ಸಿಗುತ್ತೆ. ಕೈ ವಿಷಯಕ್ಕೆ ಇದೇ ವಾಸಿ. ಆದರೆ ಬಟ್ಟೆ ತೆಳು, ಮುಚ್ಚಿದರೂ ಮೇ ತಿಂಗಳಲ್ಲಿ ಕಾವು ಗೊತ್ತಾಗುತ್ತೆ. ಕೈಯಿಂದ ಎಳೆಯುವ ಹಲಗೆ ಥರದ್ದು ಬಿಸಿಲು ತಡೆಯಲು ಇದಕ್ಕಿಂತ ಚೆನ್ನಾಗಿದೆ ಅಂತ ನನಗನಿಸುತ್ತೆ. ಹೊಸದಾಗಿ ಕಾರು ನೋಡುತ್ತಿರುವವರು ಶೋರೂಮಿನ ಎಸಿಯಲ್ಲಿ ಕೂತು ಮೇಲೆ ನೋಡಿ ಖುಷಿಪಡಬೇಡಿ. ಮಧ್ಯಾಹ್ನ ಹೊರಗೆ ನಿಲ್ಲಿಸಿ ಹತ್ತು ನಿಮಿಷ ಕೂತು ನೋಡಿ.

—

ಎಲ್ಲರಿಗೂ ಥ್ಯಾಂಕ್ಸ್. ನಾನೇ, ಪ್ರಶ್ನೆ ಕೇಳಿದವಳು. ನಿನ್ನೆ ಕೂತು ಅಳೆದೆ. ನನ್ನ ಗಡಿ ಮೂರನೇ ಒಂದು ಭಾಗಕ್ಕಿಂತ ಒಂದಿಷ್ಟು ಕಡಿಮೆಯೇ. ಸ್ಟಿಕ್ಕರ್ ಅಂಟಿಸಿದ್ದೇನೆ, ಜಾಲರಿ ತರಲಿಲ್ಲ. ಇನ್ನೊಂದು ವಿಷಯ ಆಗ ಕಣ್ಣಿಗೆ ಬಿತ್ತು. ಎಳೆಯುವಾಗ ಕರ್ರ್ ಅಂತ ಬಿಗಿ ಬರುತ್ತಿತ್ತು, ನನ್ನ ಕೈಯಲ್ಲೇ ಬಲ ಇಲ್ಲ ಅಂದುಕೊಂಡಿದ್ದೆ. ನೋಡಿದರೆ ಹಳಿಯ ತುಂಬ ಒಣಗಿದ ಹೊಂಗೆ ಹೂ. ಆಫೀಸಿನಲ್ಲಿ ಆ ಮರದ ಕೆಳಗೇ ನಿಲ್ಲಿಸುವುದು, ನೆರಳಿದೆ ಅಂತ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದೆ, ಈಗ ಎರಡು ಬೆರಳಿಗೆ ಬರುತ್ತೆ.