ಮಾಣಿಯ ಹಡಗಿನ ಕೆಲಸದ ಬಗ್ಗೆ ದೊಡ್ಡಮ್ಮನಿಗೆ

ದೊಡ್ಡಮ್ಮ, ನಮಸ್ಕಾರ. ನಿಮ್ಮ ವಾಯ್ಸ್ ಮೆಸೇಜ್ ಕೇಳಿದೆ. ಮಾಣಿಗೆ ಕ್ರೂಸ್ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ ಕೆಲಸ ಸಿಗುವ ಹಾಗಿದೆ ಅಂದಿರಿ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ ಅಟ್ಲಾಂಟಿಕ್ ದಾಟಿ ಮಯಾಮಿಗೆ ಹೋಗಬೇಕಂತೆ. ಅಷ್ಟು ದಿನ ನೆಲ ಕಾಣದೆ ಹುಡುಗ ಹೇಗಿರುತ್ತಾನೆ, ಊಟಕ್ಕೆ ಏನು ಗತಿ, ವಾಂತಿ ಬರುತ್ತದಾ, ಏಜೆಂಟ್ ದುಡ್ಡು ಕೇಳುತ್ತಿದ್ದಾನೆ ಕೊಡೋಣವಾ, ಇಷ್ಟೂ ಕೇಳಿದ್ದೀರಿ. ಇದರ ಮೇಲೆ ಚಿಕ್ಕಪ್ಪ, ಹಡಗು ಮುಳುಗಿದರೆ ಏನು ಕಥೆ ಅಂತ ಗ್ರೂಪಿನಲ್ಲಿ ಹಾಕಿದ್ದಾರೆ. ನಾನು ಅದೇ ಕೆಲಸ ಮಾಡುವವನು, ಈಗ ರಜೆಯಲ್ಲಿದ್ದೇನೆ, ಸಮಯ ಇದೆ. ಹಾಗಾಗಿ ಉದ್ದಕ್ಕೇ ಹೇಳುತ್ತೇನೆ. ನಿಮ್ಮ ಕೆಲಸ ಎಲ್ಲ ಮುಗಿದ ಮೇಲೆ ನಿಧಾನವಾಗಿ ಕೇಳಿ, ಮಾಣಿಗೂ ಕೇಳಿಸಿ.

ಏಜೆಂಟ್‌ಗೆ ದುಡ್ಡು ಕೊಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಒಂದು ರೂಪಾಯಿಯೂ ಬೇಡ.

ಸಮುದ್ರದ ಭಯ ಬಿಡಿ. ಬಾರ್ಸಿಲೋನಾದಿಂದ ಮಯಾಮಿಗೆ ಸುಮಾರು ಎರಡು ವಾರ ಹಿಡಿಯುತ್ತದೆ. ಶುರುವಿನಲ್ಲಿ ಸ್ಪೇನಿನ ಒಂದೆರಡು ಬಂದರು, ಕೆನರಿ ದ್ವೀಪ ಸಿಗುತ್ತವೆ. ಅದಾದ ಮೇಲೆ ಆರೇಳು ದಿನ ಬರೀ ನೀರು. ಬೇಸಿಗೆಯಲ್ಲಿ ಮೆಡಿಟರೇನಿಯನ್ ಕಡೆ ಓಡುವ ಹಡಗುಗಳು ಅಕ್ಟೋಬರ್, ನವೆಂಬರಿಗೆ ಕೆರಿಬಿಯನ್ ಸೀಸನ್‌ಗೆ ಅಂತ ಆ ಕಡೆ ಹೋಗುತ್ತವೆ, ಏಪ್ರಿಲ್ ಹೊತ್ತಿಗೆ ವಾಪಸ್ ಬರುತ್ತವೆ. ಹೊಸಬರಿಗೆ ಮೊದಲೆರಡು ದಿನ ಹೊಟ್ಟೆ ತೊಳಸಬಹುದು. ದೊಡ್ಡ ಹಡಗಿಗೆ ಎರಡೂ ಪಕ್ಕದಲ್ಲಿ ನೀರಿನೊಳಗೆ ರೆಕ್ಕೆ ಇರುತ್ತದೆ, ಅದು ಎಡಕ್ಕೆ ಬಲಕ್ಕೆ ಹೊರಳುವುದನ್ನು ಬಹಳ ಕಡಿಮೆ ಮಾಡುತ್ತದೆ. ಸಿಬ್ಬಂದಿ ಮಲಗುವುದು ಕೆಳಗಿನ ಅಂತಸ್ತುಗಳಲ್ಲಿ, ಅಲ್ಲಿ ಅಲುಗಾಟ ಇನ್ನೂ ಕಡಿಮೆ. ಶುಂಠಿ, ಒಣ ಬಿಸ್ಕತ್ತು, ಹಸಿರು ಸೇಬು ಹತ್ತಿರ ಇಟ್ಟುಕೊಂಡರೆ ಸಾಕು. ಖಾಲಿ ಹೊಟ್ಟೆಯಲ್ಲಿ ಮಾತ್ರ ಇರಬಾರದು.

ನನಗೆ ಮಾಣಿಯ ಬಗ್ಗೆ ಇರುವ ಚಿಂತೆ ನಿದ್ದೆಯದ್ದು. ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ, ಕೋರ್ಸಿನಲ್ಲೂ ಯಾರೂ ಒತ್ತಿ ಹೇಳುವುದಿಲ್ಲ. ಹಡಗಿನಲ್ಲಿ ಭಾನುವಾರ ಇಲ್ಲ ದೊಡ್ಡಮ್ಮ. ಹಬ್ಬ ಇಲ್ಲ, ವಾರದ ರಜೆ ಇಲ್ಲ. ಹತ್ತಿದ ದಿನದಿಂದ ಇಳಿಯುವ ದಿನದವರೆಗೆ, ಆರರಿಂದ ಒಂಬತ್ತು ತಿಂಗಳು, ದಿನಾ ಕೆಲಸ. ಹತ್ತು, ಹನ್ನೊಂದು ಗಂಟೆ ಸಾಮಾನ್ಯ. ಬೆಳಿಗ್ಗೆ ಆರೂವರೆಗೆ ಶುರುವಾದರೆ ಮಧ್ಯಾಹ್ನ ಒಂದರವರೆಗೆ. ಆಮೇಲೆ ಬಿಡುವು. ಮತ್ತೆ ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತೂವರೆ. ಕಾಗದದ ಮೇಲೆ ನೋಡಿದರೆ ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಆ ಮಧ್ಯಾಹ್ನದ ಬಿಡುವಿನಲ್ಲೇ ಬಟ್ಟೆ ಒಗೆಯಬೇಕು, ಯೂನಿಫಾರ್ಮ್ ಬದಲಿಸಿಕೊಂಡು ಬರಬೇಕು, ಸೇಫ್ಟಿ ಕ್ಲಾಸು, ಡ್ರಿಲ್ಲು ಬಂದರೆ ಅದೂ ಅಲ್ಲೇ. ಮಲಗಲು ಸಿಗುವುದು ತುಂಡು ತುಂಡು ನಿದ್ದೆ.

ಮಲಗುವ ಜಾಗವನ್ನೂ ಹೇಳುತ್ತೇನೆ. ಇಬ್ಬರಿಗೆ ಒಂದು ಕ್ಯಾಬಿನ್. ಮೇಲೊಂದು ಕೆಳಗೊಂದು ಮಂಚ, ಎರಡಕ್ಕೂ ಪರದೆ. ಒಂದು ಸಣ್ಣ ಬಚ್ಚಲು, ಬಟ್ಟೆ ಇಡಲು ಕಿರಿದಾದ ಬೀರು. ಕಿಟಕಿ ಇರುವುದಿಲ್ಲ. ದೀಪ ಆರಿಸಿದರೆ ನಡುಮಧ್ಯಾಹ್ನವೂ ಅಮಾವಾಸ್ಯೆಯ ರಾತ್ರಿಯಂತೆ. ಜೊತೆಗಿರುವವನು ಬೇಕರಿ ವಿಭಾಗದವನಾದರೆ ಅವನ ಕೆಲಸ ರಾತ್ರಿ. ಇವನು ಮಲಗುವಾಗ ಅವನು ಎದ್ದು ಹೊರಡುತ್ತಾನೆ, ಇವನು ಮಧ್ಯಾಹ್ನ ಬಂದಾಗ ಅವನು ಗೊರಕೆ ಹೊಡೆಯುತ್ತಿರುತ್ತಾನೆ. ಒಬ್ಬರಿಗೊಬ್ಬರು ಕತ್ತಲಲ್ಲೇ ಬಟ್ಟೆ ಹುಡುಕಿಕೊಂಡು, ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋಗುವುದನ್ನು ಕಲಿಯಬೇಕು. ಹಾಗೆ ಮಾಡುವ ಫಿಲಿಪೀನ್ಸ್, ಇಂಡೋನೇಷ್ಯಾದ ಹುಡುಗರನ್ನು ನೋಡಿದ್ದೇನೆ. ಚಿನ್ನದಂಥ ಹುಡುಗರು.

ಈಗ ಅಟ್ಲಾಂಟಿಕ್ ದಾಟುವ ವಿಷಯ. ಸ್ಪೇನಿಗೂ ಫ್ಲೋರಿಡಾಕ್ಕೂ ಆರು ಗಂಟೆಯ ವ್ಯತ್ಯಾಸ. ಪಶ್ಚಿಮಕ್ಕೆ ಹೋಗುವಾಗ ಆಗಾಗ ಒಂದು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಂದರೆ ಆ ದಿನಕ್ಕೆ 25 ಗಂಟೆ. ಮಯಾಮಿ ಮುಟ್ಟುವಷ್ಟರಲ್ಲಿ ಇಂಥ ಆರು ರಾತ್ರಿ ಸಿಗುತ್ತವೆ. ಮಾಣಿಗೆ ಹೇಳಿ, ಆ ಗಂಟೆಯನ್ನು ಕ್ರೂ ಬಾರ್‌ನಲ್ಲಿ ಕಳೆಯಬೇಡ, ಮಲಗು ಅಂತ. ಎಲ್ಲರೂ ಕರೆಯುತ್ತಾರೆ, ಒಂದು ಗಂಟೆ ಜಾಸ್ತಿ ಇದೆ ಬಾ ಅಂತಾರೆ. ಏಪ್ರಿಲ್‌ನಲ್ಲಿ ವಾಪಸ್ ಬರುವಾಗ ಆ ಆರೂ ಗಂಟೆಯನ್ನು ತಿರುಗಿ ಕೊಡಬೇಕು. ರಾತ್ರಿ ಎರಡು ಗಂಟೆ ಅನ್ನುವುದು ನೇರ ಮೂರಾಗುತ್ತದೆ, ಆದರೆ ಆರೂವರೆಯ ಡ್ಯೂಟಿ ಆರೂವರೆಗೇ. ಅದು ನಾಲ್ಕನೆಯ ಸಲ ಆಗುವ ಹೊತ್ತಿಗೆ ಮೆಸ್ಸಿನಲ್ಲಿ ಮಾತೇ ಇರುವುದಿಲ್ಲ, ಎಲ್ಲರೂ ತಟ್ಟೆ ನೋಡಿಕೊಂಡು ಉಣ್ಣುತ್ತಿರುತ್ತಾರೆ. ಕೆಲವು ಹಡಗಿನಲ್ಲಿ ಪೂರ್ವಕ್ಕೆ ಬರುವಾಗ ಮಧ್ಯಾಹ್ನ 12ಕ್ಕೆ ಗಡಿಯಾರ ಮುಂದಿಡುತ್ತಾರೆ. ಆಗ ರಾತ್ರಿಯ ನಿದ್ದೆ ಉಳಿಯುತ್ತದೆ. ಎಲ್ಲ ಕಡೆ ಹೀಗೇ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿದ್ದೆ ನಿದ್ದೆ ಅಂತ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಕೆಲಸ ಹಾಗಿದೆ. ಬಂದರಿನ ದಿನ ಬಹಳ ಜನ ಇಳಿದು ಊರು ನೋಡಲು ಹೋಗುತ್ತಾರೆ, ಮಧ್ಯಾಹ್ನ ಗ್ಯಾಲಿ ಹಗುರ. ಸಮುದ್ರದ ದಿನ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಎರಡು ಮೂರು ಸಾವಿರ ಜನ ಮೂರು ಹೊತ್ತೂ ಒಳಗೇ. ಈ ಪ್ರಯಾಣಕ್ಕೆ ಬರುವವರಲ್ಲಿ ರಿಟೈರ್ ಆದವರೇ ಜಾಸ್ತಿ, ಬೇಗ ಊಟಕ್ಕೆ ಬರುತ್ತಾರೆ. ಮಧ್ಯದಲ್ಲಿ ತರಕಾರಿ ತುಂಬಿಸಿಕೊಳ್ಳಲು ಊರಿಲ್ಲ. ಸ್ಟೋರಿನವರು ಲೆಕ್ಕ ಹಾಕಿ, ಬೇಗ ಬಾಡುವ ಸೊಪ್ಪು, ಸ್ಟ್ರಾಬೆರಿ ಮೊದಲು ಕೊಟ್ಟು, ಎಲೆಕೋಸು, ಕ್ಯಾರೆಟ್ಟು ಕೊನೆಗೆ ಉಳಿಸುತ್ತಾರೆ.

ಅಲೆ ಎದ್ದ ದಿನ ಗ್ಯಾಲಿ ನೋಡಬೇಕು. ಒಲೆಯ ಸುತ್ತ ಕಂಬಿ ಹಾಕಿ ಪಾತ್ರೆ ಜಾರದ ಹಾಗೆ ಮಾಡುತ್ತಾರೆ. ಸೂಪಿನ ದೊಡ್ಡ ಕೆಟಲ್‌ಗಳನ್ನು ಪೂರ್ತಿ ತುಂಬುವ ಹಾಗಿಲ್ಲ, ತುಂಬಿದರೆ ಮೈಮೇಲೆ. ಕತ್ತರಿಸುವ ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿರಬೇಕು. ಹಡಗು ಒಂದು ಕಡೆ ವಾಲಿದಾಗ ಈರುಳ್ಳಿ ಹಲಗೆಯಿಂದ ಉರುಳುತ್ತದೆ, ಕೈಯಲ್ಲಿ ಚಾಕು ಇರುತ್ತದೆ. ಆಗ ಉರುಳಿದ ಈರುಳ್ಳಿ ಹಿಡಿಯಲು ಹೋಗಬಾರದು, ಬಿಟ್ಟುಬಿಡಬೇಕು. ನಿದ್ದೆ ಆದವನು ಬಿಡುತ್ತಾನೆ, ನಿದ್ದೆ ಇಲ್ಲದವನ ಕೈ ತಾನಾಗಿ ಹೋಗುತ್ತದೆ. ನನ್ನ ಪಕ್ಕದಲ್ಲೇ ನಿಂತಿದ್ದ ಒಬ್ಬ ಒಳ್ಳೆಯ ಕುಕ್‌ನ ಹೆಬ್ಬೆರಳು ಹಾಗೇ ಕತ್ತರಿಸಿಹೋಗಿ ಹೊಲಿಗೆ ಬಿತ್ತು. ಹಡಗಿನಲ್ಲೇ ಡಾಕ್ಟರು, ನರ್ಸು ಇರುತ್ತಾರೆ, ಸಿಬ್ಬಂದಿಗೆ ಚಿಕಿತ್ಸೆ ಉಚಿತ, ಅದಕ್ಕೆ ಹೆದರಬೇಡಿ. ಆದರೆ ಆ ಗಾಯ ಆಗಲೇಬೇಕಾಗಿರಲಿಲ್ಲ.

ಸ್ವಚ್ಛತೆಯ ವಿಷಯದಲ್ಲಿ ಮಾಣಿ ಬಹಳ ಕಲಿಯುತ್ತಾನೆ, ಇದು ನನಗೆ ನಿಜವಾಗಿ ಹೆಮ್ಮೆ. ಅಮೆರಿಕದ ಬಂದರಿಗೆ ಹೋಗುವ ಕ್ರೂಸ್ ಹಡಗಿಗೆ ಅಲ್ಲಿನ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ಹತ್ತಿ ಪರೀಕ್ಷೆ ಮಾಡುತ್ತಾರೆ. ನೂರಕ್ಕೆ 86 ಬಂದರೆ ಪಾಸು, 85 ಬಂದರೂ ಫೇಲು. ತಣ್ಣಗಿರುವುದು 5 ಡಿಗ್ರಿಗಿಂತ ಮೇಲೆ ಹೋಗಬಾರದು, ಬಿಸಿಯಾಗಿರುವುದು 57 ಡಿಗ್ರಿಗಿಂತ ಕೆಳಗಿಳಿಯಬಾರದು. ಆ ಲೆಕ್ಕದ ಹೊರಗೆ ಬಫೆಯಲ್ಲಿ ಇಟ್ಟಿದ್ದಕ್ಕೆ ನಾಲ್ಕು ಗಂಟೆಯ ಲೇಬಲ್, ಗಂಟೆ ಮುಗಿದರೆ ಎಷ್ಟು ಚೆನ್ನಾಗಿದ್ದರೂ ಎಸೆಯಬೇಕು. ನೊರೋವೈರಸ್ ಅಂತ ಒಂದು ವಾಂತಿಭೇದಿ ಇದೆ, ಹಡಗಿನಂಥ ಮುಚ್ಚಿದ ಜಾಗದಲ್ಲಿ ಬೇಗ ಹಬ್ಬುತ್ತದೆ. ಅದಕ್ಕೆ ಸ್ಯಾನಿಟೈಸರ್ ನಂಬಿಕೊಂಡರೆ ಆಗುವುದಿಲ್ಲ, ಸೋಪು ಹಾಕಿ ಕೈ ತೊಳೆಯಬೇಕು. ಮಾಣಿಗೆ ಹೊಟ್ಟೆ ಕೆಟ್ಟರೆ ಮುಚ್ಚಿಡದೆ ಕೂಡಲೇ ಹೇಳಬೇಕು. ವಾಂತಿಭೇದಿ ನಿಂತು ಕನಿಷ್ಠ ಎರಡು ದಿನ ಆಗುವವರೆಗೆ ಕ್ಯಾಬಿನ್‌ನಲ್ಲಿ ಪ್ರತ್ಯೇಕ ಇಡುತ್ತಾರೆ, ಕೆಲಸ ಹೋಗುವುದಿಲ್ಲ.

ಊಟಕ್ಕೆ ಏನೂ ಕೊರತೆ ಇಲ್ಲ. ಕ್ರೂ ಮೆಸ್ಸಿನಲ್ಲಿ ಅನ್ನ ಯಾವಾಗಲೂ ಇರುತ್ತದೆ. ನಮ್ಮವರು ಇರುವ ಹಡಗಿನಲ್ಲಿ ದಾಲ್, ಒಂದು ಪಲ್ಯ, ಮೊಸರು, ಉಪ್ಪಿನಕಾಯಿ ಸಿಗುತ್ತದೆ. ಕುಚ್ಚಲಕ್ಕಿ ಸಿಗುವುದಿಲ್ಲ, ಮೀನುಸಾರು ನಮ್ಮ ರುಚಿಗೆ ಇರುವುದಿಲ್ಲ. ಕುಡಿಯುವ ನೀರು ಸಮುದ್ರದ್ದೇ, ಹಡಗಿನಲ್ಲೇ ಉಪ್ಪು ತೆಗೆದು ಶುದ್ಧ ಮಾಡುತ್ತಾರೆ. ಚೆನ್ನಾಗಿಯೇ ಇರುತ್ತದೆ.

ಚಿಕ್ಕಪ್ಪನ ಪ್ರಶ್ನೆಗೆ: 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ತೀರಿಹೋದರು. ಅದಾದ ಮೇಲೆ ನಿಯಮ ಬಿಗಿಯಾಯಿತು. ಪ್ರಯಾಣಿಕರಿಗೆಲ್ಲ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಬೇಕು. ಅಡುಗೆಯವನಿಗೂ ತುರ್ತು ಸಮಯದ ಒಂದು ಕೆಲಸ ಗೊತ್ತುಮಾಡಿರುತ್ತಾರೆ. ಏಳು ಗಿಡ್ಡ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ಒಲೆ ಆರಿಸಿ ತನ್ನ ಜಾಗಕ್ಕೆ ಹೋಗಬೇಕು. ಅದಕ್ಕೇ ಮೊದಲು ಎಸ್‌ಟಿಸಿಡಬ್ಲ್ಯು ಕೋರ್ಸು ಮಾಡಿಸುವುದು: ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ. ಅದನ್ನು ಸುಮ್ನೆ ಸರ್ಟಿಫಿಕೇಟಿಗಾಗಿ ಮಾಡಬೇಡ ಅನ್ನಿ.

ಈಗ ಕಾನೂನು. ಹಡಗಿನ ಕೆಲಸಗಾರರಿಗಾಗಿ ಎಂಎಲ್‌ಸಿ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, 2006ರದ್ದು. 2013ರಲ್ಲಿ ಜಾರಿಗೆ ಬಂತು, 2015ರಲ್ಲಿ ನಮ್ಮ ದೇಶವೂ ಒಪ್ಪಿತು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು ಅನ್ನುತ್ತದೆ. ಆ 10 ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡುವ ಹಾಗಿಲ್ಲ, ಅದರಲ್ಲಿ ಒಂದು ಆರು ಗಂಟೆಗೆ ಕಡಿಮೆ ಇರಬಾರದು. ಮಾಣಿ ಇದನ್ನು ಬಾಯಿಪಾಠ ಮಾಡಲಿ. ನಾನಿದ್ದ ಒಂದು ಹಡಗಿನಲ್ಲಿ ಮೇಲಿನವರೊಬ್ಬರು ಹೊಸ ಹುಡುಗರಿಗೆ "ಪಂಚ್ ಔಟ್ ಮಾಡಿ ಬಂದು ಉಳಿದ ಕೆಲಸ ಮುಗಿಸು" ಅನ್ನುತ್ತಿದ್ದರು. ಪಂಚ್ ಔಟ್ ಅಂದರೆ ಡ್ಯೂಟಿ ಮುಗಿಯಿತು ಅಂತ ದಾಖಲಿಸುವುದು. ಲೆಕ್ಕದಲ್ಲಿ ಹುಡುಗ ಮಲಗಿರುತ್ತಾನೆ, ನಿಜದಲ್ಲಿ ಕೋಳಿ ತೊಳೆಯುತ್ತಿರುತ್ತಾನೆ. ಹುಡುಗರು ಹೆದರಿ ಮಾಡುತ್ತಿದ್ದರು. ಇದು ತಪ್ಪು, ದೊಡ್ಡಮ್ಮ, ದೊಡ್ಡ ತಪ್ಪು. ಮಾಣಿ ತನ್ನ ಗಂಟೆಯನ್ನು ದಿನಾ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಲಿ. ಎಚ್‌ಆರ್ ಹತ್ತಿರ ಹೋಗಬೇಕಾಗಿ ಬಂದರೆ ಆ ಪುಸ್ತಕ ಕೈಯಲ್ಲಿರಬೇಕು.

ನೀವು ಮಾಡಬೇಕಾದ್ದೂ ಒಂದಿದೆ. ಹಡಗಿನಲ್ಲಿ ಈಗ ಸ್ಯಾಟಲೈಟ್ ಇಂಟರ್ನೆಟ್ ಇದೆ, ವಾಟ್ಸಾಪ್ ಸಿಗುತ್ತದೆ. ಆದರೆ ಅಟ್ಲಾಂಟಿಕ್ ದಾಟುವಾಗ ಅವನ ಗಂಟೆ ಬದಲಾಗುತ್ತಾ ಹೋಗುತ್ತದೆ, ನಿಮ್ಮದು ಬದಲಾಗುವುದಿಲ್ಲ. ಚಳಿಗಾಲದಲ್ಲಿ ಮಯಾಮಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ ಎಂಟು ಅಂದರೆ ಅವನಿಗೆ ರಾತ್ರಿ ಒಂಬತ್ತೂವರೆ, ಆಗಷ್ಟೇ ಏಪ್ರನ್ ಬಿಚ್ಚಿರುತ್ತಾನೆ. ಹತ್ತು ನಿಮಿಷ ಮಾತಾಡಿ, ಉಂಡ್ಯಾ ಅಂತ ಕೇಳಿ, ಮಲಗಲು ಬಿಡಿ. ಮನೆಯ ಜಗಳ, ಜಾಗದ ತಕರಾರು ಆಗ ತೆಗೆಯಬೇಡಿ. ನಿಮ್ಮ ಮಧ್ಯಾಹ್ನ ಮೂರಕ್ಕೆ ಕರೆ ಮಾಡಿದರೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಪಾಪ, ಅಮ್ಮನ ಫೋನು ಅಂತ ಎದ್ದೇ ಏಳುತ್ತಾನೆ. ದೀಪಾವಳಿ ಸಮುದ್ರದ ಮಧ್ಯೆ ಬಂದರೆ ಮನಸ್ಸಿಗೆ ಕಷ್ಟ ಆಗುತ್ತದೆ, ಅವತ್ತು ಮಾತ್ರ ಮನೆಯವರೆಲ್ಲ ಸೇರಿ ವಿಡಿಯೋ ಕಾಲ್ ಮಾಡಿ.

ಸಂಬಳ ಡಾಲರಿನಲ್ಲಿ, ಊಟ ವಸತಿ ಅವರದ್ದೇ, ನಿಜ. ಆದರೆ ಕಾಂಟ್ರಾಕ್ಟ್ ಮುಗಿಸಿ ಮನೆಗೆ ಬಂದ ಎರಡು ತಿಂಗಳಿಗೆ ಬಹಳ ಕಡೆ ಸಂಬಳ ಇರುವುದಿಲ್ಲ. ಸಾಲದ ಕಂತು ಹಾಕಿಕೊಳ್ಳುವಾಗ ಇದನ್ನು ನೆನಪಿಡಿ.

ಇನ್ನು ಏಜೆಂಟ್. ಕೆಲಸ ಕೊಡಿಸುವುದಕ್ಕೆ ಹಡಗಿನ ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ. ಅದೇ ಎಂಎಲ್‌ಸಿಯಲ್ಲಿ ಬರೆದಿದೆ. ಪಾಸ್‌ಪೋರ್ಟ್, ಸಿಡಿಸಿ ಅನ್ನುವ ಹಡಗಿನ ಕೆಲಸದ ದಾಖಲೆ ಪುಸ್ತಕ, ಮೆಡಿಕಲ್ ಸರ್ಟಿಫಿಕೇಟಿನ ಖರ್ಚು ನಮ್ಮದು. ವೀಸಾ ಖರ್ಚು ಹಡಗಿನವರದ್ದು. ಕೋರ್ಸಿನ ಫೀಸನ್ನು ಡಿಜಿ ಶಿಪ್ಪಿಂಗ್, ಅಂದರೆ ಹಡಗಿನ ವಿಷಯ ನೋಡಿಕೊಳ್ಳುವ ನಮ್ಮ ಸರ್ಕಾರದ ಇಲಾಖೆ, ಒಪ್ಪಿದ ಸಂಸ್ಥೆಗೆ ನೇರವಾಗಿ ಕಟ್ಟಿ ರಸೀದಿ ತೆಗೆದುಕೊಳ್ಳಿ. ಇದಕ್ಕೆ ಮೀರಿ "ಪ್ರೊಸೆಸಿಂಗ್", "ಸೀಟ್ ಬುಕಿಂಗ್" ಅಂದರೆ ಎದ್ದು ಬನ್ನಿ. ಸರಿಯಾದ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಅನ್ನುವ ಲೈಸೆನ್ಸ್ ಇರುತ್ತದೆ. ಆ ನಂಬರನ್ನು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಬಹುದು.

ಅವನ ಬೋರ್ಡು, ವಿಸಿಟಿಂಗ್ ಕಾರ್ಡು, ಆಫರ್ ಲೆಟರ್ ಮೂರರದ್ದೂ ಫೋಟೋ ತೆಗೆದು ನನ್ನ ನಂಬರಿಗೆ ಹಾಕಿ, ಗ್ರೂಪಿಗೆ ಬೇಡ. ಲೆಟರಿನಲ್ಲಿ ಹುದ್ದೆಯ ಹೆಸರು ಏನಿದೆ ಅಂತ ನಾನು ಮೊದಲು ನೋಡಬೇಕು. ಗ್ಯಾಲಿ ಯುಟಿಲಿಟಿ ಅಂತಿದ್ದರೆ ಪಾತ್ರೆ, ನೆಲ ತೊಳೆಯುವ ಕೆಲಸ. ಅಲ್ಲಿಂದ ಮೇಲೆ ಬಂದ ಶೆಫ್‌ಗಳೂ ಇದ್ದಾರೆ, ಆದರೆ ಮಾಣಿಗೆ ಅದು ಹೋಗುವ ಮೊದಲೇ ಗೊತ್ತಿರಬೇಕು. ಟ್ರೈನಿ ಕುಕ್ ಅಥವಾ ಅಸಿಸ್ಟೆಂಟ್ ಕುಕ್ ಅಂತಿದ್ದರೆ ಬೇರೆ ಮಾತು. ಇವತ್ತು ರಾತ್ರಿ ಅವನಿಗೆ ನನಗೊಂದು ಫೋನ್ ಮಾಡಲು ಹೇಳಿ, ನಾನು ಮನೆಯಲ್ಲೇ ಇರುತ್ತೇನೆ.