ಕಿಕ್ ಹೊಡೆಯುದು ನಿಲ್ಲಿಸು ಅಳಿಯ

ಅಳಿಯ, ನೀನು ನಿನ್ನೆ ಗ್ರೂಪಿಗೆ ಹಾಕಿದ ವಿಡಿಯೋ ನೋಡಿದೆ, ಟೈಪ್ ಮಾಡ್ತಾ ಕೂತ್ರೆ ಬೆಳಗಾಗ್ತದೆ, ಅದಕ್ಕೆ ಫೋನಿಗೆ ಹೇಳಿ ಬರೆಸ್ತಾ ಇದ್ದೇನೆ, ಅಕ್ಷರ ತಪ್ಪಿದ್ರೆ ಸರಿಮಾಡಿ ಓದು. ವೇಲ್ಸಿನಲ್ಲಿ ಯಾರದ್ದೋ ಶೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬುಲ್ಟಾಕೊ ಶೆರ್ಪಾ ಟಿ ಅಂತ ಹಳೆ ಟ್ರಯಲ್ಸ್ ಬೈಕು ತಂದಿದ್ದೀಯ, ಕಿಕ್ ಹೊಡೆದೂ ಹೊಡೆದೂ ಕಾಲು ಬಾತಿದೆ, ಒಮ್ಮೆ ಹೊತ್ತಿಕೊಂಡು ತನ್ನಷ್ಟಕ್ಕೇ ರೇಸ್ ಏರಿ ಹೊಗೆ ಬಿಟ್ಟು ಆಫ್ ಆಯ್ತು, ಎಂತ ಮಾಡುದು ಮಾವ ಅಂತ ಕೇಳಿದ್ದಿ. ಮೊದ್ಲು ಆ ಕಿಕ್ ಹೊಡೆಯುದು ನಿಲ್ಲಿಸು ಮಾರಾಯ. ಎಕ್ಸಲೇಟರ್ ಕೊಡದೆ ರೇಸ್ ಏರಿತು ಅಂದ್ರೆ ಇಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೀತಾ ಉಂಟು, ಹಾಗೇ ಓಡಿಸಿದ್ರೆ ಪಿಸ್ಟನ್ ಹಿಡೀತದೆ, ಆಮೇಲೆ ನಾನು ಇಲ್ಲಿ ಬದಿಯಡ್ಕದಲ್ಲಿ ಕೂತು ಏನು ಹೇಳಿಯೂ ಪ್ರಯೋಜನ ಇಲ್ಲ.

ನಡುವೆ ಅಕ್ಕ ಕೇಳಿದ್ಲಲ್ಲ, ಸೀಟು ಹೆಸರಿಗೆ ಮಾತ್ರ ಇರುವ ಈ ಬೈಕು ಎಂತಕ್ಕೆ ಅಂತ. ಅಕ್ಕ, ಅದು ಟ್ರಯಲ್ಸ್ ಅಂತ ಆಟಕ್ಕೆ, ಸ್ಪೀಡಿನ ಆಟ ಅಲ್ಲ. ಕಲ್ಲು, ತೋಡು, ಬರೆ ಎಲ್ಲ ನಿಧಾನಕ್ಕೆ ಹತ್ತಿಸ್ಬೇಕು, ಕಾಲು ನೆಲಕ್ಕೆ ತಾಗಿಸ್ಲಿಕ್ಕಿಲ್ಲ, ಒಮ್ಮೆ ತಾಗಿದ್ರೆ 1 ಮಾರ್ಕು ದಂಡ, ಎರಡು ಸಲಕ್ಕೆ 2, ಅದಕ್ಕಿಂತ ಹೆಚ್ಚು ಎಷ್ಟು ತಾಗಿದ್ರೂ 3, ನಿಂತೇ ಹೋದ್ರೆ 5, ಕೊನೆಗೆ ಯಾರಿಗೆ ಮಾರ್ಕು ಕಡಿಮೆಯೋ ಅವ ಗೆದ್ದ. ನಿಂತುಕೊಂಡೇ ಓಡಿಸುದು, ಹಾಗೆ ಸೀಟು ಯಾರಿಗೆ ಬೇಕು. ಮತ್ತೆ ಭಾವ ಹೇಳಿದ್ರಲ್ಲ ಅದರ ಬದಲು ಬುಲೆಟ್ ಟ್ರಯಲ್ಸ್ ತಗೊಳ್ಬಹುದಿತ್ತು ಅಂತ, ಭಾವ, 2019ರಲ್ಲಿ ಬಂದ ಆ ಬುಲೆಟ್ ನೋಡ್ಲಿಕ್ಕೆ ಚಂದ, ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡಿನಲ್ಲಿ 1952 ಮತ್ತು 57ರಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಅಂತ ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ಸ್ ಸ್ಪರ್ಧೆ ಗೆದ್ದದ್ದೂ ಹೌದು, ಆದ್ರೆ ಆ ಭಾರದ ಫೋರ್‌ಸ್ಟ್ರೋಕುಗಳ ಕಾಲ ಮುಗಿಸಿದ್ದೇ ಈ ಶೆರ್ಪಾ. ಸ್ಯಾಮಿ ಮಿಲ್ಲರ್ ಅಂತ ಒಬ್ಬ, 500 ಸಿಸಿ ಏರಿಯಲ್‌ನಲ್ಲಿ ಎಲ್ಲ ಗೆಲ್ತಿದ್ದವ, 1964ರ ಕೊನೆಗೆ ಸ್ಪೇನಿನ ಬುಲ್ಟಾಕೊ ಸೇರಿ ಈ 250 ಸಿಸಿ ಟೂಸ್ಟ್ರೋಕ್ ತಯಾರು ಮಾಡಿಸಿ ಮರುವರ್ಷವೇ ಅದೇ ಸ್ಕಾಟಿಷ್ ಗೆದ್ದ. ನೂರು ಕೆಜಿಯೂ ಇಲ್ಲ ಆ ಬೈಕು. ಕಂಪೆನಿ 1983ರಲ್ಲಿ ಮುಚ್ಚಿತು, ನಮ್ಮ ಯೆಜ್ಡಿಯವರು 1996ರಲ್ಲಿ ಬಾಗಿಲು ಹಾಕಿದ್ರಲ್ಲ ಹಾಗೆ, ಆದ್ರೂ ಪಾರ್ಟ್ಸು ಅಲ್ಲಿ ಸಿಗ್ತದೆ, ಹೆದರ್ಬೇಡ.

ಈಗ ವಿಷಯಕ್ಕೆ ಬರ್ತೇನೆ. ಟೂಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೇಸಿಗೆ, ಅಂದ್ರೆ ಪಿಸ್ಟನ್ ತಿರುಗಿಸುವ ದಂಡ ಇರುವ ಪೆಟ್ಟಿಗೆಗೆ, ಪೆಟ್ರೋಲು ಗಾಳಿ ಎಳ್ಕೊಳ್ತದೆ, ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲೆ ಕಳಿಸ್ತದೆ, ಹಾಗಾಗಿ ಆ ಕೇಸು ಗಾಳಿ ಬಿಡದ ಹಾಗೆ ಇರ್ಲೇಬೇಕು. ಕ್ರ್ಯಾಂಕಿನ ಎರಡೂ ಕಡೆ ರಬ್ಬರಿನ ಆಯಿಲ್ ಸೀಲ್ ಇರ್ತದೆ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಒಣಗಿ ಗಟ್ಟಿಯಾಗಿ ತುಟಿ ಬಿಟ್ಟಿರ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಬೊಂಡ ಕುಡಿದ ಹಾಗೆ, ಎಷ್ಟು ಎಳೆದ್ರೂ ಗಾಳಿಯೇ. ಮ್ಯಾಗ್ನೆಟ್, ಅಂದ್ರೆ ಕಿಡಿಗೆ ಕರೆಂಟು ಹುಟ್ಟಿಸುವ ಚಕ್ರ, ಅದರ ಬದಿಯ ಸೀಲ್ ಹೋದ್ರೆ ಗಾಳಿ ಬಂದು ಮಿಕ್ಸ್ಚರ್ ತೆಳುವಾಗಿ ನಿನ್ನ ವಿಡಿಯೋದ ಹಾಗೆ ರೇಸ್ ಏರ್ತದೆ, ಕ್ಲಚ್ ಬದಿದು ಹೋದ್ರೆ ಕ್ಲಚ್ ಕೇಸಿನ ಆಯಿಲ್ ಎಳೆದು ಬೆಳ್ಳಗೆ ದಪ್ಪ ಹೊಗೆ ಬಿಡ್ತದೆ, ಆಯಿಲ್ ಲೆವೆಲ್ಲೂ ಕಡಿಮೆ ಆಗ್ತದೆ. ನಿನ್ನದ್ರಲ್ಲಿ ಎರಡೂ ಕಾಣ್ತಾ ಉಂಟು, ಬಿಚ್ಚುವಾಗ ಎರಡನ್ನೂ ಬದಲಿಸು, ಒಂದು ಬದಲಿಸಿ ಇನ್ನೊಂದಕ್ಕೆ ಮತ್ತೆ ಬಿಚ್ಚುದು ಯಾರ ಕೆಲಸ.

ಖಚಿತ ಮಾಡ್ಲಿಕ್ಕೆ ಒಂದು ಉಪಾಯ ಉಂಟು. ಸೈಲೆನ್ಸರ್ ತೆಗೆದು ಆ ದ್ವಾರಕ್ಕೂ ಕಾರ್ಬುರೇಟರ್ ಕೂರುವ ಜಾಗಕ್ಕೂ ಸೈಕಲ್ ಟ್ಯೂಬಿನ ತುಂಡು ಇಟ್ಟು ಪಟ್ಟಿ ಬಿಗಿದು ಮುಚ್ಚು, ಪಿಸ್ಟನ್ ಪೂರ್ತಿ ಕೆಳಗೆ ನಿಲ್ಲಿಸು, ಪ್ಲಗ್ಗಿನ ತೂತಿಂದ ಪಂಪಿನಲ್ಲಿ ಮೆಲ್ಲ 5–6 ಪಿಎಸ್ಐ ಕೊಡು, ಅದಕ್ಕಿಂತ ಹೆಚ್ಚು ಬೇಡ, ಒಳ್ಳೆ ಸೀಲೂ ಹೊರಗೆ ಹಾರ್ತದೆ. ಪಂಪಿನ ಮೀಟರಿನ ಮುಳ್ಳು ಬೇಗ ಇಳಿದ್ರೆ ಸೋಪು ನೀರು ಹಾಕಿ ನೋಡು, ಸಿಲಿಂಡರಿನ ಬುಡದಲ್ಲೋ ಸೀಲಿನ ಹತ್ರವೋ ಗುಳ್ಳೆ ಬರ್ತದೆ. ಹಳೆ ಸೀಲಿನ ಮೇಲೆ ಅಳತೆ ಬರೆದಿರ್ತದೆ, ಒಳಗಿನದು, ಹೊರಗಿನದು, ದಪ್ಪ, ಅದನ್ನು ಬೇರಿಂಗ್ ಅಂಗಡಿಯವನಿಗೆ ತೋರಿಸಿದ್ರೆ ಸಾಕು, ವೈಟಾನ್ ರಬ್ಬರಿನದು ಕೇಳು.

ಮ್ಯಾಗ್ನೆಟ್ ತೆಗೀಲಿಕ್ಕೆ ಸುತ್ತಿಗೆ ಮಾತ್ರ ಮುಟ್ಬೇಡ, ಪುಲ್ಲರ್ ಅಂತ ಎಳೆದು ತೆಗೆಯುವ ಟೂಲ್ ತಗೋ, ಹೊಡೆದ್ರೆ ಮ್ಯಾಗ್ನೆಟೂ ಹೋಗ್ತದೆ, ಕ್ರ್ಯಾಂಕೂ ಬೆಂಡಾಗ್ತದೆ. ಅದು ಬಿಚ್ಚಿದಾಗ ಕಿಡಿಗೆ ಕರೆಂಟು ಕಡಿದು ಕೊಡುವ ಪಾಯಿಂಟ್ ಕೂಡ ಅಲ್ಲೇ ಕಾಣ್ತದೆ, ಸಣ್ಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒಂದು ಬಿಳಿ ಬಟ್ಟೆ ಎಳೆ, ಗ್ಯಾಪ್ 0.4 ಮಿಲ್ಲಿಮೀಟರ್ ಹತ್ತಿರ, ಮ್ಯಾನುಅಲ್‌ನಲ್ಲಿ ಬೇರೆ ಇದ್ರೆ ಅದೇ ಸರಿ. ಕಂಡೆನ್ಸರ್ ಹೊಸದು ಹಾಕಿ ಬಿಡು, ತಣ್ಣಗಿರುವಾಗ ಕಿಡಿ ಕೊಟ್ಟು ಬಿಸಿಯಾದ ಮೇಲೆ ಕೈಕೊಡುವ ಜಾತಿ ಅದು.

ಕಾರ್ಬುರೇಟರ್ ವಿಷಯ ಇಲ್ಲಿ ಎಲ್ಲರಿಗೂ ಗೊತ್ತುಂಟು. ಪ್ರತಿ ವರ್ಷ ಮಳೆ ಶುರುವಾಗುವಾಗ ನಮ್ಮ ಹುಲ್ಲು ಹೆರೆಯುವ ಮೆಷಿನ್ ಹೊರಗೆ ತೆಗೀತೇವಲ್ಲ, ಪೆಟ್ರೋಲ್ ಖಾಲಿ ಮಾಡದೆ ಇಟ್ಟದ್ದಾದ್ರೆ ಜೆಟ್ಟಿನಲ್ಲಿ, ಅಂದ್ರೆ ಪೆಟ್ರೋಲು ಹೋಗುವ ಸಣ್ಣ ತೂತಿನಲ್ಲಿ, ಹಳದಿ ಬಣ್ಣದ ಅಂಟು ಕೂತಿರ್ತದೆ, ಉಗುರಿನಲ್ಲಿ ಕೆರೆದ್ರೆ ವಾರ್ನಿಶ್ ಎದ್ದ ಹಾಗೆ ಚಕ್ಕೆ ಏಳ್ತದೆ. ಈಗ ಇಲ್ಲಿಯ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್, ಪೈಪೆಲ್ಲ ಮೆತ್ತಗಾಗಿ ಹೋಗ್ತದೆ. ನಿಮ್ಮಲ್ಲಿ ಈ10, ಅಂದ್ರೆ 10 ಪರ್ಸೆಂಟಿನದ್ದು ಬರ್ತದೆ, ಆದ್ರೆ ಶೆರ್ಪಾದ ಟ್ಯಾಂಕು ಫೈಬರಿನದ್ದಾದ್ರೆ ಎಥನಾಲ್ ಅದರ ರೆಸಿನನ್ನೇ ಕರಗಿಸಿ ಪುನಃ ಅಮಾಲ್ ಕಾರ್ಬುರೇಟರಿಗೇ ತಂದು ಹಾಕ್ತದೆ, ಒಳಗೆ ಕೋಟಿಂಗ್ ಮಾಡಿಸದೆ ತುಂಬಿಸ್ಬೇಡ. ಸದ್ಯ ಪೆಟ್ರೋಲಿನ ಬಾಟ್ಲಿಯನ್ನು ಎತ್ತರದಲ್ಲಿ ಕಟ್ಟಿ ಪೈಪಿನಲ್ಲಿ ಬಿಟ್ಟು ನೋಡು. ನಿಧಾನಕ್ಕೆ ಓಡುವಾಗ ಪೆಟ್ರೋಲು ಕೊಡುವ ಪೈಲಟ್ ಜೆಟ್ಟೂ ಏರ್ ಸ್ಕ್ರೂ ಹಿಂದಿನ ಸಣ್ಣ ದಾರಿಯೂ ಕ್ಲೀನ್ ಆಗ್ಬೇಕು, ಮೇನ್ ಜೆಟ್ ಊದಿ ಬಿಟ್ರೆ ಸಾಲದು. ಪೆಟ್ರೋಲ್ ಲೀಟರಿಗೆ 30 ಎಂಎಲ್ ಒಳ್ಳೆ ಟೂಸ್ಟ್ರೋಕ್ ಆಯಿಲ್ ಹಾಕು.

ಕ್ಲಚ್ ಪ್ಲೇಟು ಅಂಟಿರ್ತದೆ, ಲಿವರ್ ಒತ್ತಿ ಗಿಯರಿನಲ್ಲಿ ಹಿಂದೆ ಮುಂದೆ ದೂಡಿ ಬಿಡಿಸು. ಗಿಯರ್ ಬಲಗಾಲಿಗೆ ಉಂಟಲ್ಲ, ಹಳೆ ಬುಲೆಟ್ ಓಡಿಸಿದ ನಮಗೆ ಅದು ಸಲೀಸು, ನಿನಗೆ ಬ್ರೇಕ್ ಅಂತ ಗಿಯರ್ ಒತ್ತುವ ಅಭ್ಯಾಸ ಬಿಡ್ಲಿಕ್ಕೆ ಸ್ವಲ್ಪ ದಿನ ಬೇಕು, ರೋಡಿಗೆ ಇಳಿಸ್ಬೇಡ ಅಷ್ಟರವರೆಗೆ. ಪೈಂಟ್, ಕ್ರೋಮ್ ಎಲ್ಲ ಆಮೇಲೆ.

ಪುಲ್ಲರ್ ಸಿಕ್ಕಿದ ಮೇಲೆ ಪಾಯಿಂಟಿನ ಮತ್ತು ಪ್ಲಗ್ಗಿನ ತುದಿಯ ಫೋಟೋ ಹಾಕು, ಹತ್ತಿರದಿಂದ, ಶೇಕ್ ಆಗದ ಹಾಗೆ. ಫೋನ್ ಮಾಡುದಾದ್ರೆ ನಿಮ್ಮ ಮಧ್ಯಾಹ್ನ ಮಾಡು, ನಿಮ್ಮ ಸಂಜೆಗೆ ಇಲ್ಲಿ ಅತ್ತೆ ಲೈಟ್ ಆಫ್ ಮಾಡಿ ಆಗಿರ್ತದೆ.