ಕುತ್ತಿಗೆ ಬಗ್ಗದವರು ಚಿತ್ರ ಬಿಡಿಸಲು ಬೋರ್ಡು, ಬ್ರಷ್ಷು ಹೇಗಿರಬೇಕು?

ಪಾವಗಡದಾಕೆ:
ಅಮ್ಮನಿಗೆ 58 ವರ್ಷ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮೂಳೆಗೆ ತೊಂದರೆಯಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಕುತ್ತಿಗೆ, ಬೆನ್ನು ಎರಡೂ ಬಿಗಿ. ಬಲಗೈ ಹೆಬ್ಬೆರಳ ಬುಡದಲ್ಲೂ ನೋವು. ಬಗ್ಗಿ ರಂಗೋಲಿ ಹಾಕುವುದು ನಿಂತೇ ಹೋಗಿದೆ. ಈಗ ಮಗುವಿನ ಪೋಸ್ಟರ್ ಕಲರ್ ತಗೊಂಡು ಹೂವು, ಬಳ್ಳಿ ಬಿಡಿಸೋಕೆ ಶುರು ಮಾಡಿದ್ದಾರೆ, ಕೂತರೆ ಏಳುವ ಮನಸ್ಸೇ ಇಲ್ಲ. ಕಾಗದವನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟುಕೊಳ್ಳುತ್ತಾರೆ. ಒಂದು ಗಂಟೆ ಕೂತರೆ ಮರುದಿನ ಪೂರ್ತಿ ಮಲಗಬೇಕಾಗುತ್ತದೆ. ಬಿಡಿಸುವುದು ನಿಲ್ಲಬಾರದು, ನೋವು ಕಡಿಮೆಯಾಗಬೇಕು. ಏನು ಮಾಡಬಹುದು?

ಕುಂಚ_ಕೋಲಾರ:
ಮೊದಲು ಕಾಗದವನ್ನು ಮೇಜಿನಿಂದ ಎಬ್ಬಿಸಿ. ತಲೆಯ ತೂಕವೇ 4–5 ಕೆ.ಜಿ. ಇರುತ್ತದೆ, ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕು. ಕುತ್ತಿಗೆ ಬಗ್ಗದವರು ಅದರ ಬದಲು ಸೊಂಟದಿಂದ ಬಗ್ಗುತ್ತಾರೆ. ಮರುದಿನ ಬೆನ್ನು ಹಿಡಿಯುವುದು ಅದಕ್ಕೇ.

ದುಬಾರಿ ಈಸೆಲ್ (ಚಿತ್ರ ಬಿಡಿಸುವ ಸ್ಟ್ಯಾಂಡ್) ಬೇಡ. ಮಕ್ಕಳ ಪರೀಕ್ಷೆ ಪ್ಯಾಡ್ ಸಾಕು. ಮನೆಯಲ್ಲಿ ವ್ಯಾಸಪೀಠ ಇದ್ದರೆ ಅದರ ಒಂದು ಹಲಗೆಗೆ ಪ್ಯಾಡ್ ಒರಗಿಸಿ, ಕೆಳಗೆ ದಪ್ಪ ಪುಸ್ತಕ ಇಟ್ಟು ಎತ್ತರಿಸಿ. ಚಿತ್ರದ ನಡುಭಾಗ ಗದ್ದಕ್ಕಿಂತ ಸ್ವಲ್ಪ ಕೆಳಗೆ ಬರಬೇಕು. ಗದ್ದಕ್ಕಿಂತ ಮೇಲೆ ಹೋದರೆ ತೋಳು ಎತ್ತಿ ಎತ್ತಿ ಭುಜ ಹಿಡಿಯುತ್ತದೆ. ಪುಸ್ತಕದ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಮೊಣಕೈ ಕೆಳಗೆ ದಿಂಬು ಇರಲಿ. ನೀರು, ಬಣ್ಣ ಬಲಗಡೆ ಮೊಣಕೈ ಮಟ್ಟದಲ್ಲೇ ಇರಲಿ. ಬೋರ್ಡಿನ ಆಚೆ ಇಟ್ಟರೆ ಪ್ರತಿ ಸಲ ಚಾಚಬೇಕಾಗುತ್ತದೆ.

ಅಂಗಡಿ ಬೋರ್ಡ್ ಬರೆಯುವ ಪೇಂಟರ್‌ಗಳು ಕೈ ಆನಿಸಲು ಒಂದು ಕೋಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೊಂದು ಮಾಡಿಕೊಡಿ. ಎರಡು ಅಡಿ ಉದ್ದ, ತುದಿಗೆ ಬಟ್ಟೆಯ ಉಂಡೆ. ಎಡಗೈಯಲ್ಲಿ ಕೋಲು ಹಿಡಿದು ಉಂಡೆಯನ್ನು ಬೋರ್ಡಿನ ಅಂಚಿಗೆ ಒತ್ತಿದರೆ ಬಲಗೈ ಮಣಿಕಟ್ಟು ಕೋಲಿನ ಮೇಲೆ ಕೂರುತ್ತದೆ. ಎಡಗೈಯೂ ನೋಯುತ್ತಿದ್ದರೆ ಇದು ಬೇಡ, ದಿಂಬೇ ಸಾಕು.

ಫಿಸಿಯೋ_ಚಿಂತಾಮಣಿ:
ಮೇಲಿನದು ಸರಿ. ಆದರೆ ಮರುದಿನ ಮಲಗಬೇಕಾಗುವುದಕ್ಕೆ ದೊಡ್ಡ ಕಾರಣ ಆ ಒಂದು ಗಂಟೆ. ಚೆನ್ನಾಗಿರುವ ದಿನ ವಿಪರೀತ ಮಾಡುವುದು, ಆಮೇಲೆ ಎರಡು ದಿನ ಏಳದಿರುವುದು: ದೀರ್ಘಕಾಲದ ನೋವಿನವರಲ್ಲಿ ಈ ಚಕ್ರ ಬಹಳ ಸಾಮಾನ್ಯ. ನೋವು ಬರುವವರೆಗೆ ಕಾಯಬೇಡಿ, ಗಡಿಯಾರ ನೋಡಿ ನಿಲ್ಲಿಸಿ. ನೋವು ಹೆಚ್ಚಾಗದೆ ಎಷ್ಟು ಹೊತ್ತು ಕೂರಬಲ್ಲರು ಅಂತ ಮೂರು ದಿನ ಗಮನಿಸಿ. 20 ನಿಮಿಷ ಅಂತಾದರೆ 15ರಿಂದ ಶುರು ಮಾಡಿ. ಫೋನಿನಲ್ಲಿ ಅಲಾರಂ ಇಡಿ. ಹೊಡೆದ ಕೂಡಲೇ ಬ್ರಷ್ ಕೆಳಗಿಟ್ಟು, ಎದ್ದು ಅಂಗಳದಲ್ಲಿ ಐದು ನಿಮಿಷ ಓಡಾಡಲಿ. ಒಂದು ವಾರ ಹಾಗೇ ನಡೆದರೆ ಎರಡು ನಿಮಿಷ ಹೆಚ್ಚಿಸಿ. ಬಿಡಿಸಿದ ಮೇಲೆ ಹೆಚ್ಚಾದ ನೋವು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಅಂದು ಅತಿಯಾಗಿದೆ ಅಂತ ಲೆಕ್ಕ, ಮರುದಿನ ಕಡಿಮೆ ಮಾಡಿ. ಒಳ್ಳೆಯ ದಿನ ಬಂದರೂ ಅಲಾರಂ ಮೀರಬಾರದು. ಪಾಲಿಸಲು ಕಷ್ಟವಾಗುವುದು ಇದೇ.

ಬೆಳಿಗ್ಗೆ ಎದ್ದಾಗ ಬಿಗಿ ಜಾಸ್ತಿ ಇದ್ದರೆ 11 ಗಂಟೆ ಹೊತ್ತಿಗೆ ಕೂರಲಿ. ಕೂರುವ ಮುಂಚೆ ಕೈಯನ್ನು ಐದು ನಿಮಿಷ ಬೆಚ್ಚನೆ ನೀರಿನಲ್ಲಿ ಇಟ್ಟರೆ ಬೆರಳು ಸಡಿಲವಾಗುತ್ತವೆ.

ಒಂದು ವಿಷಯ ದಯವಿಟ್ಟು ಗಮನಿಸಿ. ಕೈಕಾಲು ಜೋಮು ಹಿಡಿಯುವುದು, ಬ್ರಷ್ ಕೈಜಾರುವುದು, ನಡೆಯುವಾಗ ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ. ಫ್ಲೋರೈಡ್‌ನಿಂದ ಬೆನ್ನುಮೂಳೆ ದಪ್ಪಗಾಗಿ ಒಳಗಿನ ಬೆನ್ನುಹುರಿ ಒತ್ತಿಕೊಳ್ಳಬಹುದು, ನರರೋಗ ತಜ್ಞರೇ ನೋಡಬೇಕು. ಅಡುಗೆಗೂ ಕುಡಿಯುವುದಕ್ಕೂ ಅದೇ ನೀರು ಬಳಸುತ್ತಿದ್ದರೆ ಬದಲಾಯಿಸಿ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಪಾವಗಡದಾಕೆ:
ಇಬ್ಬರಿಗೂ ಧನ್ಯವಾದ. ಜೋಮು ಇಲ್ಲ, ನೀರು ಫಿಲ್ಟರ್‌ನದ್ದು. ಪ್ಯಾಡ್ ಎತ್ತರಿಸಿ ಕೊಟ್ಟೆವು, ಕತ್ತಿಗೆ ಆರಾಮ ಅಂತಾರೆ. ಆದರೆ ಬಣ್ಣ ಕೆಳಕ್ಕೆ ಇಳಿಯುತ್ತಿದೆ, ಕಾಗದವೂ ಅಲೆಅಲೆಯಾಗುತ್ತಿದೆ. ಹೆಬ್ಬೆರಳಿಗೆ ಏನು ಮಾಡೋಣ?

ಡ್ರಾಯಿಂಗ್_ಮೇಷ್ಟ್ರು_ಮಧುಗಿರಿ:
ಕಾಗದ ಅಲೆಯಾಗುವುದು ಅದು ತೆಳ್ಳಗಿರುವುದರಿಂದ. ಸಾಮಾನ್ಯ ಡ್ರಾಯಿಂಗ್ ಶೀಟ್ ನೀರು ಕುಡಿದು ಹಿಗ್ಗುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಎ4 ಕಾಗದ ತಂದು ಅರ್ಧಕ್ಕೆ ಕತ್ತರಿಸಿ, ಎ5 ಅಳತೆ ಸಾಕು. ನಾಲ್ಕೂ ಬದಿ ಮಾಸ್ಕಿಂಗ್ ಟೇಪ್ ಹಾಕಿ, ಟೇಪಿನ ತುದಿಯನ್ನು ಒಂದು ಸೆಂಟಿಮೀಟರ್ ಒಳಕ್ಕೆ ಮಡಚಿ ಬಿಡಿ. ಇಲ್ಲದಿದ್ದರೆ ಕೀಳುವಾಗ ಉಗುರಿನಿಂದ ಕೆರೆಯಬೇಕು, ಹೆಬ್ಬೆರಳಿಗೆ ಅದೇ ಶಿಕ್ಷೆ.

ಎದ್ದು ನಿಂತ ಬೋರ್ಡಿಗೆ ಪೋಸ್ಟರ್ ಕಲರ್ ದೋಸೆ ಹಿಟ್ಟಿನ ಹದದಲ್ಲಿರಬೇಕು. ಇನ್ನೂ ಗಟ್ಟಿ ಬಳಿದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಒಣಗಿದ ಪದರದ ಮೇಲೆ ಎರಡನೇ ಬಣ್ಣ ಹಾಕುವಾಗ ಒಂದೇ ಎಳೆತ. ತಿಕ್ಕಿದರೆ ಕೆಳಗಿನ ಬಣ್ಣ ಕರಗಿ ಮೇಲೆ ಬಂದು ಕೆಸರಾಗುತ್ತದೆ. ಅಕ್ರಿಲಿಕ್ ಸದ್ಯಕ್ಕೆ ಬೇಡ, ಬ್ರಷ್ಷಿನಲ್ಲೇ ಒಣಗಿ ತಿಕ್ಕಿ ತೊಳೆಯಬೇಕಾಗುತ್ತದೆ.

ಹೆಬ್ಬೆರಳು ನೋಯುವುದು ತೆಳ್ಳನೆ ಹಿಡಿಯನ್ನು ಬಿಗಿಯಾಗಿ ಚಿವುಟಿ ಹಿಡಿಯುವುದರಿಂದ. ಎ.ಸಿ. ರಿಪೇರಿ ಅಂಗಡಿಯಲ್ಲಿ ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಸಿಗುತ್ತದೆ. ಅದರ 10 ಸೆಂ.ಮೀ. ತುಂಡಿನೊಳಗೆ ಬ್ರಷ್ ತೂರಿಸಿ. ಹಿಡಿ ಎರಡೂವರೆ, ಮೂರು ಸೆಂ.ಮೀ. ದಪ್ಪವಾದರೆ ಬೆರಳು ಅರ್ಧ ಮಡಚಿದರೆ ಸಾಕು. ಒಳಗೆ ಬ್ರಷ್ ಅಲುಗಾಡಿದರೆ ಅದಕ್ಕೊಂದಿಷ್ಟು ಬಟ್ಟೆ ಸುತ್ತಿ. 8 ಮತ್ತು 12ನೇ ನಂಬರಿನ ಮೆತ್ತನೆಯ ರೌಂಡ್ ಬ್ರಷ್ ಕೊಡಿ. ಸಣ್ಣ ನಂಬರಿನದ್ದಾದರೆ ಒಂದು ಎಲೆ ತುಂಬಲು ಇಪ್ಪತ್ತು ಸಲ ಎಳೆಯಬೇಕು. ಬಣ್ಣದ ಬಾಟಲಿ ಮುಚ್ಚಳ ನೀವೇ ತೆಗೆದು ಪ್ಯಾಲೆಟ್‌ಗೆ ಹಾಕಿಕೊಡಿ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್ (1841–1919) ಸಂಧಿವಾತದಿಂದ ಬೆರಳುಗಳು ಸೊಟ್ಟಗಾದ ಮೇಲೂ ಬಿಡಿಸುತ್ತಲೇ ಇದ್ದರು. ಕುಂಚವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದರು ಅಂತ ಹೇಳುವುದುಂಟು, ಅದು ಸರಿಯಲ್ಲ. ಕೈಗೆ ಬಟ್ಟೆ ಸುತ್ತುತ್ತಿದ್ದುದು ಅಂಗೈ ಚರ್ಮಕ್ಕೆ ಗಾಯವಾಗದಿರಲೆಂದು. ನೀವೂ ಬ್ರಷ್ಷನ್ನು ಬಿಗಿದು ಕಟ್ಟಬೇಡಿ. ಅವರಿಂದ ಕಲಿಯಬೇಕಾದದ್ದು ಬೇರೆ ಇದೆ: ದೊಡ್ಡ ಕ್ಯಾನ್ವಾಸನ್ನು ಉರುಳೆಗೆ ಸುತ್ತಿಸಿ, ಬೇಕಾದ ಭಾಗವನ್ನು ಕೈಯಳತೆಗೆ ತರಿಸಿಕೊಳ್ಳುತ್ತಿದ್ದರು. ಅಮ್ಮನೂ ಮೂಲೆಗೆ ಕೈ ಚಾಚುವ ಬದಲು ಪ್ಯಾಡನ್ನೇ ತಿರುಗಿಸಿಕೊಳ್ಳಲಿ.

ರಂಗೋಲಿ ಕೈ ಅಂದಿರಿ, ಅದು ದೊಡ್ಡ ಆಸ್ತಿ. ಬಳ್ಳಿಯ ಗೆರೆಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ಎಳೆಯಲು ಹೇಳಿ. ಮೊದಲ ವಾರ ಬರೀ ಚುಕ್ಕಿ, ಗೆರೆ. ಆಮೇಲೆ ಟೊಮೆಟೊ, ಹುಣಸೆಕಾಯಿ ಎದುರಿಗಿಟ್ಟು ಬಿಡಿಸಲಿ.